ರಟ್ಟಿನ ಟಿಕೆಟು

ಶಾಲು ಕಂಡರೆ ಹರಿಣಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು? ದುಬೈಯಲ್ಲಿ ಶುಕ್ರವಾರ ಬಂತೆಂದರೆ ನಮ್ಮವರ ಯಾವುದಾದರೊಂದು ಸಂಘದ ವಾರ್ಷಿಕೋತ್ಸವ. ಸಂಘ ಎಂದಮೇಲೆ ಸನ್ಮಾನ. ಸನ್ಮಾನ ಎಂದಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಮಖಮಲ್ಲಿನ ಡಬ್ಬಿಯಲ್ಲೊಂದು ಫಲಕ. ಈ ವಾರ ಹೊದೆಸಿದವನು ಬರುವ ವಾರ ಹೊದೆಸಿಕೊಂಡವನ ಕೈಯಿಂದಲೇ ಹೊದೆಸಿಕೊಳ್ಳುತ್ತಾನೆ. ಊರಿನಲ್ಲಿ ಪಕ್ಕದ ಮನೆಯ ನಾಯಿಯೂ ತಿರುಗಿ ನೋಡದ ಆಸಾಮಿಗಳೆಲ್ಲ ಇಲ್ಲಿ ವಿಮಾನ ಇಳಿದದ್ದೇ ತಡ 'ಸಮಾಜ ಸೇವಕ', 'ಹೋರಾಟಗಾರ', 'ಅನಿವಾಸಿ ರತ್ನ'. ಈ ರತ್ನಗಳ ಫೋಟೋಗಳೆಲ್ಲ ಶನಿವಾರ ಬೆಳಗಾಗುವುದರೊಳಗೆ ಹರಿಣಾಕ್ಷಿಗೆ ಬಂದು ಬೀಳುತ್ತಿದ್ದವು. 'ಮರಳದಂಡೆ ಡಾಟ್ ಕಾಮ್' ಎಂಬ ಸುದ್ದಿತಾಣವನ್ನು ನಡೆಸುತ್ತಿದ್ದವಳು ಅವಳೇ.

ನಡೆಸುವುದೆಂದರೆ ಸಂಬಳದ ಕೆಲಸವೇನಲ್ಲ. ಹೊಟ್ಟೆಪಾಡಿಗೆ ಅವಳು ಅಲ್ ಮುರಕ್ಕಬಾತ್‌ನ ಟಯರ್ ವ್ಯಾಪಾರದ ಕಚೇರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು. ಗಂಡನಿಗೆ ಅಬುಧಾಬಿಯ ಮುಸಫ್ಫಾದಲ್ಲಿ ವರ್ಕ್‌ಶಾಪಿನ ಕೆಲಸ. ಗುರುವಾರ ಸಂಜೆ ಬಂದು ಶನಿವಾರ ಹೋಗುವವನು. ಮನೆಯಲ್ಲಿ ಇವಳು, ಮಗಳು ಅಶ್ಮಿತಾ, ಮತ್ತು ಊಟದ ಮೇಜಿನ ಅರ್ಧ ಜಾಗ ನುಂಗಿದ್ದ ಒಂದು ಲ್ಯಾಪ್‌ಟಾಪು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಕಂಪನಿಗಳು ಬಾಗಿಲು ಹಾಕಿಕೊಂಡು ಮಾಲೀಕರು ಮಾಯವಾದಾಗ, ಮುಹೈಸ್ನಾದ ಕಾರ್ಮಿಕರ ಕ್ಯಾಂಪುಗಳಲ್ಲಿ ನಮ್ಮ ಕಡೆಯ ಹುಡುಗರು ಕರೆಂಟಿಲ್ಲದೆ ನೀರಿಲ್ಲದೆ ಬಿದ್ದಿದ್ದರು. ಅವರಿಗಾಗಿ ಓಡಾಡುತ್ತಿದ್ದ ನಾಲ್ಕು ಮಂದಿಗೆ, ಎಲ್ಲಿ ಏನಾಗಿದೆ, ಯಾರಿಗೆ ಏನು ಬೇಕು ಎಂದು ಬರೆದು ಹಾಕಲು ಒಂದು ಜಾಗ ಬೇಕಿತ್ತು. ಹರಿಣಾಕ್ಷಿ ಮಾಡಿಕೊಟ್ಟಳು. ಬರೆದಳು ಕೂಡ. ಅವಳ ಬರಹಕ್ಕೆ ಅವಳ ನಾಲಿಗೆಯದೇ ಖಾರ. ಹೆಂಗಸರನ್ನು ಮನೆಗೆಲಸಕ್ಕೆ ತರಿಸುವ ಏಜೆಂಟರು ಬೆಳಗಿನ ಚಹಾಕ್ಕೆ ಮೊದಲು ಮರಳದಂಡೆ ತೆರೆದು, ಇವತ್ತು ತಮ್ಮ ಮಾನ ಹೋಗಿದೆಯೋ ಉಳಿದಿದೆಯೋ ಎಂದು ನೋಡಿಕೊಳ್ಳುತ್ತಿದ್ದರು. ಮರಳದಂಡೆಯಲ್ಲಿ ಬಂತೆಂದರೆ ಸುಳ್ಳಲ್ಲ ಎಂದು ಶತ್ರುಗಳೂ ಒಪ್ಪಿದ್ದರು. ಈ ಮಾತನ್ನು ಅವಳು ತಾನಾಗಿಯೇ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಿತ್ತು.

ತಾಣದ ಕೆಳಗಡೆ 'ಇಪ್ಪತ್ತು ಸ್ವಯಂಸೇವಕರ ಬಳಗ' ಎಂದು ದಪ್ಪಕ್ಷರದಲ್ಲಿತ್ತು. ಇಪ್ಪತ್ತಂತೆ ಇಪ್ಪತ್ತು! ಒಬ್ಬ ಮಹಾಶಯ 'ಅಬುಧಾಬಿ ಬ್ಯೂರೋ ಮುಖ್ಯಸ್ಥ' ಎಂದು ಕಾರ್ಡು ಮಾಡಿಸಿಕೊಂಡು ಊರಿನ ಮದುವೆಗಳಲ್ಲಿ ಹಂಚಿ ಬಂದಿದ್ದ. ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ. ಇನ್ನೊಬ್ಬ ತನ್ನ ಹುಟ್ಟುಹಬ್ಬದ ಸುದ್ದಿಯನ್ನು ತಾನೇ ಬರೆದು, 'ಅಭಿಮಾನಿಗಳು ಆಚರಿಸಿದರು' ಎಂದು ಕಳಿಸುವವನು. ಫೋಟೋದಲ್ಲಿ ತನ್ನ ಅರ್ಧ ಕಿವಿ ಕತ್ತರಿಸಿ ಹೋಗಿದೆಯೆಂದು ರಾಜೀನಾಮೆ ಕೊಟ್ಟವನೂ ಇದ್ದ. ನಿಜಕ್ಕೂ ಕೆಲಸಕ್ಕೆ ಬರುತ್ತಿದ್ದವನೆಂದರೆ ಮೊಬೈಲ್ ಅಂಗಡಿಯಲ್ಲಿದ್ದ ಬ್ಯಾರಿ ಹುಡುಗ ಜಂಶೀರ್ ಒಬ್ಬನೇ. ಕರೆದಲ್ಲಿಗೆ ಕ್ಯಾಮೆರಾ ಹಿಡಿದು ಹೋಗುತ್ತಿದ್ದ, ಹೋದಲ್ಲಿ ಬಿರಿಯಾನಿ ಚೆನ್ನಾಗಿತ್ತೇ ಇಲ್ಲವೇ ಎಂಬುದನ್ನೂ ವರದಿ ಮಾಡುತ್ತಿದ್ದ.

ಈ ಇಡೀ ಮೇಳಕ್ಕೆ ಮುಕುಟಮಣಿ ಧರ್ಮಪಾಲ. ಅದೇ ಮುಸಫ್ಫಾದಲ್ಲಿ ಏಸಿಗೆ ತಗಡಿನ ಕೊಳವೆ ಮಾಡುವ ಬೇರೊಂದು ವರ್ಕ್‌ಶಾಪು ಇಟ್ಟಿದ್ದವನು, ನಮ್ಮವರ ದೊಡ್ಡ ಸಂಘವೊಂದಕ್ಕೆ ಅಧ್ಯಕ್ಷ. ಜುಲೈ ತಿಂಗಳ ಸೆಕೆಯಲ್ಲೂ ಟೈ. ಕೂದಲಿಗೆ ಬಳಿದ ಕಪ್ಪು ಹಣೆಯವರೆಗೆ ಇಳಿದಿರುತ್ತಿತ್ತು. 'ಧರ್ಮಪಾಲ ಇದ್ದಲ್ಲಿ ಧರ್ಮ ಉಂಟು' ಎಂದು ಬೇರೆಯವರು ಹೇಳುವುದನ್ನು ಕಾಯುವ ತಾಳ್ಮೆಯಿಲ್ಲದೆ ತಾನೇ ಹೇಳಿಕೊಳ್ಳುತ್ತಿದ್ದ. ತಾಣದ ವರ್ಷದ ಖರ್ಚು ಅವನದಾದ್ದರಿಂದ ಅವನಿಗೆ 'ಗೌರವ ಪ್ರಧಾನ ಪೋಷಕ' ಎಂಬ ಪದವಿ, ಜೊತೆಗೆ ಒಂದು ಪಾಸ್‌ವರ್ಡು. ಮಂಗನ ಕೈಗೆ ಮಾಣಿಕ್ಯ ಎಂದು ಹರಿಣಾಕ್ಷಿ ಆವತ್ತೇ ಜಂಶೀರನಿಗೆ ಹೇಳಿದ್ದಳು.

"ಅವ್ರಿಗೆ ಪಾಸ್‌ವರ್ಡ್ ಎಲ್ಲಿ ಹೊಡಿಬೇಕು ಅಂತ್ಲೇ ಗೊತ್ತಿಲ್ಲ ಅಕ್ಕ, ಮಾಫಿ ಮುಶ್ಕಿಲ್, ಎಂತ ತೊಂದ್ರೆಯೂ ಇಲ್ಲ" ಎಂದು ಜಂಶೀರ್ ನಕ್ಕಿದ್ದ.

2014ರ ಮಾರ್ಚಿನ ಒಂದು ಗುರುವಾರ ಗಂಡ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸನ್ನೂ ಕರೆತಂದ. ಹೆಸರು ಮೆಟಿಲ್ಡಾ, ಕಲ್ಯಾಣಪುರದ ಕಡೆಯ ಕ್ರೈಸ್ತರವಳು, ನಲವತ್ತೈದು ದಾಟಿದವಳು. ಅಬುಧಾಬಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಯ ಕೆಲಸ ಎಂದು ಊರಿನ ಏಜೆಂಟ್ ಹೇಳಿ ತರಿಸಿದ್ದ. ಬಂದು ನೋಡಿದರೆ ಒಂದೇ ಆವರಣದಲ್ಲಿ ಮೂರು ಮನೆ, ಹದಿನಾಲ್ಕು ಮಂದಿ, ಕೈ ಒಂದೇ ಜೊತೆ. ಸಾಕಾಗಿ ಒಂದು ಬೆಳಗ್ಗೆ ಕಸದ ಚೀಲ ಹಿಡಿದು ಹೊರಬಿದ್ದವಳು ಹಿಂದಿರುಗಲಿಲ್ಲ. ನಮ್ಮವರು ಇದ್ದಾರೆಂದು ಯಾರೋ ತೋರಿಸಿದ ಮುಸಫ್ಫಾದ ಬಸ್ಸು ಹತ್ತಿದಳು.

ಓಡಿಬಂದವಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯವೆಂದು ಹರಿಣಾಕ್ಷಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಇಟ್ಟುಕೊಂಡಳು. ಅಷ್ಟು ಗಟ್ಟಿಗಿತ್ತಿ ಹೌದು, ಇಲ್ಲವೆನ್ನಬಾರದು. ಕಾನ್ಸುಲೇಟಿನ ಬಾಗಿಲು ಕಾದು, ಪಾಸ್‌ಪೋರ್ಟ್ ಇಲ್ಲದವರಿಗೆ ಕೊಡುವ ಔಟ್‌ಪಾಸ್ ಮಾಡಿಸಿದಳು, ದೇಶ ಬಿಡುವುದಕ್ಕೆ ಬೇಕಾದ ಮುದ್ರೆಗಳನ್ನೆಲ್ಲ ಹಾಕಿಸಿದಳು. ಮೆಟಿಲ್ಡಾಳ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದು ಕೂತಿದ್ದಳು, ತಾಯಿಯೇ ಇಲ್ಲದ ತಾಯಿಮನೆಗೆ. ದಿನ ತುಂಬುತ್ತಾ ಬಂದಿತ್ತು. ಅಷ್ಟರೊಳಗೆ ಊರು ಮುಟ್ಟಬೇಕು, ಮಗುವಿಗೆ ಮೊದಲ ನೀರು ತಾನೇ ಹಾಕಬೇಕು; ಮೆಟಿಲ್ಡಾಳಿಗೆ ಬೇರೆ ಯಾವ ಮಾತೂ ಇರಲಿಲ್ಲ.

"ಸುಮ್ನೆ ಕೂತ್ರೆ ಕೈ ಚುರುಚುರು ಆಗ್ತದೆ ಬಾಯಿ" ಎಂದು, ಹರಿಣಾಕ್ಷಿಯನ್ನು ಅಕ್ಕ ಎನ್ನುವಂತೆ ಕೊಂಕಣಿಯ ರೂಢಿಯಲ್ಲಿ 'ಬಾಯಿ' ಎನ್ನುತ್ತಿದ್ದ ಅವಳು ಮನೆಯಲ್ಲಿದ್ದ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿದಳು. ಬಟ್ಟೆ ಮುಗಿಯಿತೆಂದು ಪರದೆ. ಪರದೆ ಮುಗಿಯಿತೆಂದು ಅಶ್ಮಿತಾಳ ಶಾಲೆಯ ಸಾಕ್ಸು.

"ಓ ಮೈ ಗಾಡ್! ನೋಬಡಿ ಐರನ್ಸ್ ಸಾಕ್ಸ್, ಆಂಟಿ!" ಎಂದು ಅಶ್ಮಿತಾ ಬಿದ್ದು ಬಿದ್ದು ನಕ್ಕಳು. ಮೆಟಿಲ್ಡಾ ಏನೂ ತಿಳಿಯದೆ ತಾನೂ ನಕ್ಕಳು.

ಇನ್ನುಳಿದದ್ದು ಟಿಕೆಟು. ಧರ್ಮಪಾಲನ ಸಂಘಕ್ಕೆ ಇಂಥದ್ದಕ್ಕೆಂದೇ ಒಂದು ನಿಧಿಯಿತ್ತು. ಹರಿಣಾಕ್ಷಿ ಹಲ್ಲು ಕಚ್ಚಿಕೊಂಡು ಫೋನು ಮಾಡಿದಳು. ಅವನು ಒಂದೇ ಮಾತಿಗೆ ಒಪ್ಪಿದ. ಭಾನುವಾರ ಸಂಜೆಯ ಮಂಗಳೂರು ವಿಮಾನ. ಟಿಕೆಟನ್ನು ತಾನೇ ಅವಳ ಕಚೇರಿಗೆ ತಂದು ಕೊಟ್ಟ, ಟೈ ಸರಿಮಾಡಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತ.

"ಶುಕ್ರವಾರ ನಮ್ಮ ಪ್ರೋಗ್ರಾಂ ಉಂಟಲ್ಲ ಮೇಡಂ, ಊರಿಂದ ಮುಖ್ಯ ಅತಿಥಿ ಬರ್ತಾರೆ. ಅವ್ರ ಕೈಯಿಂದ್ಲೇ ಆ ಹೆಂಗ್ಸಿಗೆ ಟಿಕೆಟ್ ಕೊಡ್ಸುವ. ಐದೇ ನಿಮಿಷ."

"ಸ್ಟೇಜೂ ಇಲ್ಲ, ಫೋಟೋನೂ ಇಲ್ಲ. ಯಾರಿಗೂ ಹೇಳ್ಲಿಕ್ಕೂ ಇಲ್ಲ."

"ಅದೆಂತಕ್ಕೆ? ಒಳ್ಳೇ ಕೆಲ್ಸ ಮಾಡಿ ಮುಚ್ಚಿಡುದಾ?"

"ಬೇಡ ಅಂದ್ರೆ ಬೇಡ, ಖಲಾಸ್. ನಿಮ್ಗೆ ಅದೆಲ್ಲ ಅರ್ಥ ಆಗುದಿಲ್ಲ ಬಿಡಿ."

ಕಾರಣ ಇತ್ತು. ದೊಡ್ಡ ಕಾರಣವೇ ಇತ್ತು. ಮೆಟಿಲ್ಡಾ ಹೋದರೆ ಆ ಮನೆಗೆ ಬದಲಿ ಹೆಂಗಸನ್ನು ಏಜೆಂಟ್ ತನ್ನ ಕೈಯಿಂದಲೇ ದುಡ್ಡು ಹಾಕಿ ತಂದುಕೊಡಬೇಕು. ಹೋಗುವ ದಿನ ತಿಳಿದರೆ ಅವನು ಸುಮ್ಮನಿರುವ ಜಾತಿಯಲ್ಲ. 'ಚಿನ್ನ ಕದ್ದು ಓಡಿದ್ದಾಳೆ' ಎಂದು ಆ ಮನೆಯವರಿಂದ ಠಾಣೆಯಲ್ಲಿ ಒಂದು ದೂರು ಕೊಡಿಸಿದರೆ ಸಾಕು, ವಿಮಾನದ ಬಾಗಿಲಲ್ಲಿ ಹಿಡಿದು ನಿಲ್ಲಿಸುತ್ತಾರೆ. ಇಂಥ ಎರಡು ಮೂರು ಪ್ರಕರಣಗಳನ್ನು ಹರಿಣಾಕ್ಷಿಯೇ ಮರಳದಂಡೆಯಲ್ಲಿ ಬರೆದಿದ್ದಳು. ಇದನ್ನು ಧರ್ಮಪಾಲನಿಗೆ ಬಿಡಿಸಿ ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತು. ಹೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವವರು ಯಾರು? ಇವನಿಗೆ ಗುಟ್ಟು ಹೇಳುವುದೂ ಒಂದೇ, ಕ್ಲಾಕ್ ಟವರ್ ಮೇಲೆ ಮೈಕು ಕಟ್ಟುವುದೂ ಒಂದೇ ಎಂದುಕೊಂಡಳು.

ಧರ್ಮಪಾಲ ಎದ್ದು ಹೊರಟ. ಹೆಸರೆಲ್ಲ ತನ್ನ ತಾಣಕ್ಕೇ ಬರಲಿ ಎಂದು ಈ ಹೆಂಗಸು ಹೀಗೆ ಮಾಡುತ್ತಿದ್ದಾಳೆ ಎಂದು ಅವನು ತಿಳಿದನೆಂದು ಆಮೇಲೆ ಜಂಶೀರ್ ಹೇಳಿದ. ತಿಳಿಯದೆ ಏನು? ಅವನ ಲೋಕದಲ್ಲಿ ಮನುಷ್ಯರು ಬಾಯಿ ಮುಚ್ಚಿಕೊಳ್ಳುವುದಕ್ಕೆ ಬೇರೆ ಕಾರಣವೇ ಇರಲಿಲ್ಲ.

ಶುಕ್ರವಾರ ಬಂತು. ಹರಿಣಾಕ್ಷಿ ಕಾರ್ಯಕ್ರಮಕ್ಕೆ ಹೋಗಲಿಲ್ಲ, ಮೆಟಿಲ್ಡಾಳ ಜೊತೆ ಮನೆಯಲ್ಲೇ ಉಳಿದಳು. ಸಂಜೆ ಜಂಶೀರನಿಂದ ಫೋಟೋ ಬಂತು. ನೋಡಿದವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೇದಿಕೆಯ ನಡುವೆ ಬಾಗಿಲಿನಷ್ಟು ಅಗಲದ ಒಂದು ರಟ್ಟಿನ ವಿಮಾನ ಟಿಕೆಟು! ಅದರ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಮೆಟಿಲ್ಡಾಳ ಪೂರ್ತಿ ಹೆಸರು, ದುಬೈಯಿಂದ ಮಂಗಳೂರು, ಭಾನುವಾರದ ತಾರೀಕು, ವಿಮಾನದ ನಂಬರು. ಒಂದು ತುದಿ ಮುಖ್ಯ ಅತಿಥಿಯ ಕೈಯಲ್ಲಿ, ಇನ್ನೊಂದು ತುದಿ ಧರ್ಮಪಾಲನ ಕೈಯಲ್ಲಿ, ನಡುವೆ ಹನ್ನೊಂದು ಮಂದಿ ಹಲ್ಲು ಕಿರಿದುಕೊಂಡು. ಕೊಡುವವರೇ ಎಲ್ಲ, ತೆಗೆದುಕೊಳ್ಳುವವಳು ಇಲ್ಲ. ಆಮೇಲೆ, ಸಂಕಷ್ಟದಲ್ಲಿದ್ದ ಸಹೋದರಿಯನ್ನು ಕಾಪಾಡಿದ್ದಕ್ಕೆಂದು ಧರ್ಮಪಾಲನಿಗೇ ಒಂದು ಶಾಲು.

"ಟಿಕೆಟ್ ಸ್ಟೇಜಿಗೆ ತರುವಾಗ ಬಾಗಿಲಲ್ಲಿ ಸಿಕ್ಕಿಕೊಂಡಿತು ಅಕ್ಕ, ಅಡ್ಡ ಮಾಡಿ ತಂದ್ರು" ಎಂದ ಜಂಶೀರ್ ಫೋನಿನಲ್ಲಿ. "ಹಾಕುದಾ?"

"ಹಾಕುದಾ ಅಂತ ಬೇರೆ ಕೇಳ್ತೀಯಲ್ಲ ಮಾರಾಯ! ಅಳಿಸಿ ಬಿಸಾಡು."

ಆಗಲಾದರೂ ಧರ್ಮಪಾಲನಿಗೆ ಫೋನು ಮಾಡಿ, ಅಣ್ಣಾ ಹೀಗೆ ಹೀಗೆ, ಆ ಹೆಂಗಸಿನ ಗತಿ ಹೀಗಾಗುತ್ತದೆ ಎಂದಿದ್ದರೆ ಆಗುತ್ತಿತ್ತು. ಅವಳು ಮಾಡಿದ್ದೇನು? ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಳು: 'ಇಂಥ ಕೋಡಂಗಿತನಕ್ಕೆ ಮರಳದಂಡೆಯಲ್ಲಿ ಜಾಗ ಇಲ್ಲ. ರಟ್ಟನ್ನು ಯಾರಾದರೂ ಮನೆಗೆ ಒಯ್ದು ಗೋಡೆಗೆ ಆನಿಸಿ ಇಟ್ಟುಕೊಳ್ಳಿ.' ಬರೆದು ಬಹಳ ಸಮಾಧಾನವಾಯಿತು. ನಾಲ್ಕೈದು ಮಂದಿ ನಗುವ ಮುಖ ಒತ್ತಿದರು. ಧರ್ಮಪಾಲನಿಂದ ಉತ್ತರ ಬರಲಿಲ್ಲ.

ಉತ್ತರ ತಾಣದಲ್ಲಿ ಬಂತು. ಪಾಸ್‌ವರ್ಡು ಎಲ್ಲಿ ಹೊಡೆಯಬೇಕೆಂದು ಗೊತ್ತಿಲ್ಲದವನು ಅವಮಾನವಾದ ಮೇಲೆ ಕಲಿತುಕೊಳ್ಳುತ್ತಾನೆ. ಶನಿವಾರ ಬೆಳಗ್ಗೆ ಹರಿಣಾಕ್ಷಿ ಮರಳದಂಡೆ ತೆರೆದರೆ ಮೊದಲ ಸುದ್ದಿಯೇ ಅದು. 'ನೊಂದ ಸಹೋದರಿಗೆ ಆಸರೆಯಾದ ಧರ್ಮಪಾಲ; ಭಾನುವಾರ ತಾಯ್ನಾಡಿಗೆ ಮೆಟಿಲ್ಡಾ.' ಕೆಳಗೆ ಆ ಫೋಟೋ, ಒಂದು ಅಕ್ಷರವೂ ಮಸುಕಾಗದಂತೆ.

"ಥೂ ನಿನ್ನ!" ಎಂದು ಅವಳು ಸುದ್ದಿಯನ್ನು ಕಿತ್ತು ಹಾಕಿದಳು. ಪಾಸ್‌ವರ್ಡನ್ನೂ ಬದಲಿಸಿದಳು. ಮೆಟಿಲ್ಡಾ ಅಡುಗೆಮನೆಯಿಂದ ಇಣುಕಿ, "ಎಂತ ಆಯ್ತು ಬಾಯಿ?" ಎಂದು ಕೇಳಿದಳು.

"ಎಂತದೂ ಇಲ್ಲ. ಒಂದು ಹುಚ್ಚ."

ಟಿಕೆಟನ್ನು ಬದಲಿಸಿ ಅವತ್ತೇ ಕಳಿಸಿಬಿಡಲೇ ಎಂಬ ಯೋಚನೆ ಅವಳ ತಲೆಯಲ್ಲಿ ಒಮ್ಮೆ ಹಾದುಹೋಯಿತು. ಹೌದು, ಹಾದುಹೋಯಿತು. ರಾತ್ರಿ ಹಾಕಿದ್ದು, ಬೆಳಗ್ಗೆ ತೆಗೆದದ್ದು. ಧರ್ಮಪಾಲ ಬರೆದದ್ದನ್ನು ಯಾವ ಕೆಲಸವಿಲ್ಲದವನು ಓದುತ್ತಾನೆ ಎಂದುಕೊಂಡು ಬಿಟ್ಟುಬಿಟ್ಟಳು. ಏಜೆಂಟರು ಚಹಾಕ್ಕೆ ಮೊದಲು ಏನು ಓದುತ್ತಾರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳಿಗೆ ಆ ಬೆಳಗ್ಗೆ ಅದು ನೆನಪಿಗೆ ಬರಲಿಲ್ಲ. ಧರ್ಮಪಾಲನ ಮೇಲಿನ ತಾತ್ಸಾರ ತಲೆಯ ತುಂಬ ತುಂಬಿಕೊಂಡಿದ್ದಾಗ ಬೇರೆಯದಕ್ಕೆ ಜಾಗವೆಲ್ಲಿ?

ಭಾನುವಾರ ಮೆಟಿಲ್ಡಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಶ್ಮಿತಾಳ ಕೆನ್ನೆ ಸವರಿ, ಮೊಮ್ಮಗುವಿಗೆಂದು ಕೊಂಡ ಎರಡು ಪುಟ್ಟ ಅಂಗಿಗಳನ್ನು ಕೈಚೀಲದಲ್ಲಿ ಮೇಲೆಯೇ ಇಟ್ಟುಕೊಂಡು ಹೊರಟಳು. ಸಾಮಾನು ಒಳಗೆ ಹೋಯಿತು. ಮೆಟಿಲ್ಡಾ ಎರಡು ಸಲ ತಿರುಗಿ ಕೈಬೀಸಿದಳು. ಪಾಸ್‌ಪೋರ್ಟ್ ನೋಡುವ ಕಿಟಕಿಯ ಹತ್ತಿರ ಹೋದವಳು ಆಚೆ ದಾಟಲಿಲ್ಲ. ಹರಿಣಾಕ್ಷಿ ಗಾಜಿನ ಈಚೆ ನಿಂತು ಕಾದಳು. ವಿಮಾನ ಹಾರಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಬಾಯಿ, ಚಿನ್ನದ ಚೈನ್ ಎಲ್ಲಿ ಅಂತ ಕೇಳ್ತಿದ್ದಾರೆ. ನನ್ಗೆ ಯಾವ ಚೈನ್ ಬಾಯಿ?"

ದೂರು ಶನಿವಾರವೇ ದಾಖಲಾಗಿತ್ತು.

ಹರಿಣಾಕ್ಷಿ ಧರ್ಮಪಾಲನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳು. ಬೈಗುಳದ ನಡುವೆ, ಹೇಳಬೇಕಾಗಿದ್ದ ಎರಡು ನಿಮಿಷದ ಮಾತನ್ನೂ ಹೇಳಿದಳು. ಏಜೆಂಟು, ಬದಲಿ ಹೆಂಗಸು, ಕಳ್ಳತನದ ದೂರು, ಎಲ್ಲ.

"ದೇವ್ರೇ" ಎಂದ ಧರ್ಮಪಾಲ. "ಮೇಡಂ, ಇದನ್ನು ನೀವು ನನ್ಗೆ ಹೇಳಿದ್ರೆ ನಾನು ಆ ರಟ್ಟನ್ನು ಮಾಡಿಸ್ತಿದ್ನಾ? ನಾನೂ ಹೆಣ್ಣುಮಕ್ಕಳನ್ನು ಹೆತ್ತವ್ನು."

ಮಾರನೆಯ ದಿನ ಠಾಣೆಗೆ ಅವನು ಅವಳಿಗಿಂತ ಮೊದಲೇ ಬಂದು ಕೂತಿದ್ದ. ಟೈ ಇರಲಿಲ್ಲ. ವರ್ಕ್‌ಶಾಪಿನ ಅಂಗಿಯಲ್ಲೇ ಮುಸಫ್ಫಾದಿಂದ ಓಡಿಬಂದಿದ್ದ, ತೋಳಿನಲ್ಲಿ ತಗಡಿನ ಮಸಿ. ಮೆಟಿಲ್ಡಾಳನ್ನು ಕರೆತಂದರು. ಎಲ್ಲಿ ಉಳಿದಿದ್ದೆ ಎಂದು ಕೇಳಿದ್ದಕ್ಕೆ ಇಗರ್ಜಿಯ ಪಾದ್ರಿಯವರು ನೋಡಿಕೊಂಡರು ಎಂದಷ್ಟೇ ಹೇಳಿದ್ದಳಂತೆ. ಹರಿಣಾಕ್ಷಿಯ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಈಗ ಬಂದವಳೇ ಹರಿಣಾಕ್ಷಿಯ ಕೈ ಹಿಡಿದುಕೊಂಡು ನಿಂತಳು.

ಅಧಿಕಾರಿ ಒಳ್ಳೆಯ ಮನುಷ್ಯ, ಕೂರಲು ಹೇಳಿ ಚಹಾ ತರಿಸಿದ. ದೂರಿನಲ್ಲಿ ಹುರುಳು ಕಾಣುವುದಿಲ್ಲ, ಆದರೂ ವಿಚಾರಣೆ ಮುಗಿಯಬೇಕು, ಎಷ್ಟು ಸಮಯವೆಂದು ಹೇಳಲಾಗದು ಎಂದ. ಅಲ್ಲಿಯವರೆಗೆ ಇವಳು ದೇಶ ಬಿಡುವಂತಿಲ್ಲ. ಹೊರಗೆ ಇರಬಹುದು, ಆದರೆ ಯಾರಾದರೂ ತಮ್ಮ ಪಾಸ್‌ಪೋರ್ಟನ್ನು ಇಲ್ಲಿ ಒತ್ತೆಯಿಟ್ಟು ಜವಾಬ್ದಾರಿ ಹೊರಬೇಕು. ಇಲ್ಲದಿದ್ದರೆ ಒಳಗೇ. ಹೀಗೆ ಹೇಳಿ ಅವನು, ಮೆಟಿಲ್ಡಾ ಯಾರ ಕೈ ಹಿಡಿದಿದ್ದಳೋ ಅವಳ ಕಡೆ ನೋಡಿದ.

ಹರಿಣಾಕ್ಷಿಯ ಪಾಸ್‌ಪೋರ್ಟ್ ಅವಳ ಕೈಚೀಲದಲ್ಲೇ ಇತ್ತು. ಬೇಕಾದೀತೆಂದು ಬೆಳಗ್ಗೆ ತಾನೇ ಕಪಾಟಿನಿಂದ ತೆಗೆದಿಟ್ಟುಕೊಂಡಿದ್ದಳು. 'ನಮ್ಮವರಿಗೆ ಕೈಚಾಚುವ ಒಬ್ಬರೂ ಈ ಊರಿನಲ್ಲಿಲ್ಲವೇ?' ಎಂದು ಮರಳದಂಡೆಯಲ್ಲಿ ಅದೆಷ್ಟೋ ಸಲ ಗುಡುಗಿದ್ದವಳ ಕೈ ಈಗ ಚೀಲದ ಜಿಪ್ಪಿನ ಮೇಲೆ ಬಂದು ನಿಂತಿತು. ಓಡಿಬಂದವಳನ್ನು ಮನೆಯಲ್ಲಿಟ್ಟುಕೊಂಡದ್ದು ಹೊರಬಿದ್ದರೆ? ಗಂಡನ ಕೆಲಸ, ಅಶ್ಮಿತಾಳ ಶಾಲೆ, ಜೂನಿನಲ್ಲಿ ಊರಿಗೆ ಹೋಗುವುದು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು.

"ನನ್ನದು ಕಂಪನಿಯಲ್ಲಿದೆ" ಎಂದಳು. "ಅವರೇ ಇಟ್ಟುಕೊಳ್ಳುವುದು."

ಧರ್ಮಪಾಲ ಅಂಗಿಯ ಕಿಸೆಯಿಂದ ತನ್ನದನ್ನು ತೆಗೆದು ಮೇಜಿನ ಮೇಲಿಟ್ಟ. ಬರುವ ಗುರುವಾರ ಉಡುಪಿಯಲ್ಲಿ ಅವನ ಹಿರಿಯ ಮಗಳ ನಿಶ್ಚಿತಾರ್ಥ. ಬುಧವಾರ ಹೊರಡುವವನಿದ್ದ, ಬಳಗದವರಿಗೆಲ್ಲ ಹೇಳಿಕೆ ಬಂದಿತ್ತು, ಹರಿಣಾಕ್ಷಿಗೂ ಬಂದಿತ್ತು. ಅಧಿಕಾರಿ ಪಾಸ್‌ಪೋರ್ಟನ್ನು ಲಕೋಟೆಗೆ ಹಾಕಿ ಮುದ್ರೆ ಒತ್ತುವಾಗ ಧರ್ಮಪಾಲ ಅದನ್ನೇ ನೋಡುತ್ತಾ ನಿಂತಿದ್ದ. ಹೊರಡುವಾಗ ಮೆಟಿಲ್ಡಾಳ ಕೈಚೀಲವನ್ನು ತಾನೇ ಎತ್ತಿಕೊಂಡ.

ಹೊರಗೆ ಬಿಸಿಲು ಸುಡುತ್ತಿತ್ತು. ಮೆಟಿಲ್ಡಾಳನ್ನು ಧರ್ಮಪಾಲನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಪುಟ್ಟ ಅಂಗಿಗಳನ್ನು ಚೀಲದಿಂದ ತೆಗೆದು, ಮುದುಡಿದ್ದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ನೀವತೊಡಗಿದಳು. ಧರ್ಮಪಾಲ ಬಾಗಿಲು ಮುಚ್ಚಿ, ಅವಳಿಗೆ ಕೇಳಿಸಬಾರದೆಂದು ನಾಲ್ಕು ಹೆಜ್ಜೆ ಈಚೆಗೆ ಬಂದ.

"ಮಗ್ಳಿಗೆ ಫೋನ್ ಮಾಡಿ ಹೇಳ್ಬೇಕು. ಎಂತ ಹೇಳುದು ಅಂತ ಗೊತ್ತಾಗುದಿಲ್ಲ." ಬೆವರು ಒರೆಸಿಕೊಂಡ, ಕೂದಲಿನ ಕಪ್ಪು ಕರವಸ್ತ್ರಕ್ಕೆ ಹತ್ತಿತು. "ಆ ಹೆಂಗ್ಸಿಗೆ ಹೀಗಾದದ್ದು ನನ್ನಿಂದ ಅಲ್ವಾ ಮೇಡಂ? ನಂದೇ ತಪ್ಪಲ್ವಾ?"

ಅವನು ನಿಜಕ್ಕೂ ಕೇಳುತ್ತಿದ್ದ. ಅಲ್ಲ ಎನ್ನಲಿ ಎಂದು ಕೇಳಿದ್ದಲ್ಲ, ತಿಳಿದುಕೊಳ್ಳುವುದಕ್ಕೆ ಕೇಳಿದ್ದು. ನಾನೂ ನಿಮಗೆ ಹೇಳಬೇಕಿತ್ತು ಎಂಬ ಒಂದು ಮಾತು ಹರಿಣಾಕ್ಷಿಯ ಗಂಟಲಿನವರೆಗೆ ಬಂತು. ಊರನ್ನೆಲ್ಲ ಬೈದು ನೀರಿಳಿಸಿದ ಆ ನಾಲಿಗೆ ಅದನ್ನು ಅಲ್ಲೇ ನುಂಗಿಕೊಂಡಿತು.

"ಹೌದು" ಎಂದಳು. "ನಿಮ್ದೇ."

ಧರ್ಮಪಾಲ ತಲೆಯಾಡಿಸಿ, ಕಾರಿನ ಕೀ ಹುಡುಕುತ್ತಾ ಹೋದ.